ರೇಡಿಯೋ, ಪಾಡ್‌ಕಾಸ್ಟ್‌ಗಳಲ್ಲಿ ಧರ್ಮ ಮತ್ತು ಸಂಶಯದ ಚರ್ಚೆ: ಜಗಳವಾಗದಂತೆ ನಡೆಸುವುದು ಹೇಗೆ?

ಅಲೆಗಂಬ (ಪ್ರಶ್ನೆ)

ನಮಸ್ಕಾರ. ವಾರಕ್ಕೊಮ್ಮೆ ಬರುವ 50 ನಿಮಿಷದ ನೇರಪ್ರಸಾರದ ಕಾರ್ಯಕ್ರಮವೊಂದನ್ನು ರೂಪಿಸುತ್ತಿದ್ದೇವೆ. ವಿಷಯ ಧಾರ್ಮಿಕ ನಂಬಿಕೆ ಮತ್ತು ಅದನ್ನು ಪ್ರಶ್ನಿಸುವ ಸಂಶಯದೃಷ್ಟಿ. ಮೊದಲ 22 ನಿಮಿಷ ಸ್ಟುಡಿಯೋದಲ್ಲಿ ಇಬ್ಬರು ಅತಿಥಿಗಳು, ಒಬ್ಬರು ಆಸ್ತಿಕರು, ಇನ್ನೊಬ್ಬರು ಸಂಶಯವಾದಿ. ಉಳಿದ ಹೊತ್ತು ಕೇಳುಗರ ಫೋನ್ ಕರೆ. ಅದೇ ರೆಕಾರ್ಡಿಂಗ್ ಮರುದಿನ ಪಾಡ್‌ಕಾಸ್ಟ್ ಆಗಿ ಹೋಗುತ್ತದೆ.

ಪ್ರಾಯೋಗಿಕ ಸಂಚಿಕೆಗಳಲ್ಲಿ ಕಂಡ ತೊಂದರೆಗಳು ಇವು. ಯಾವ ವಿಷಯ ಕೊಟ್ಟರೂ ಸ್ವಲ್ಪ ಹೊತ್ತಿಗೆ ಮಾತು "ದೇವರಿದ್ದಾನೋ ಇಲ್ಲವೋ" ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಫೋನ್ ಮಾಡಿದವರ ದನಿ ಸ್ಟುಡಿಯೋ ದನಿಯೆದುರು ತೆಳ್ಳಗೆ ಕೇಳುತ್ತದೆ, ನಿರೂಪಕರು ಬಾಯಿ ತೆರೆದ ಕೂಡಲೇ ಅವರ ಮಾತು ನುಂಗಿಹೋಗುತ್ತದೆ. ಯಾವ ಕರೆ ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದಕ್ಕೆ ಗಟ್ಟಿ ನಿಯಮವಿಲ್ಲ. ಇಂಥ ಕಾರ್ಯಕ್ರಮದ ಒಳಹೊರಗು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ತರ್ಕದಾರಿ

ಮೊದಲ ತೊಂದರೆಯ ಬೇರು ವಿಷಯಕ್ಕೆ ನೀವು ಕೊಡುವ ಹೆಸರಿನಲ್ಲಿದೆ. "ವಿಜ್ಞಾನ ಮತ್ತು ಧರ್ಮ", "ಪ್ರಾರ್ಥನೆಯ ಶಕ್ತಿ" ಎಂದೆಲ್ಲ ಕೊಟ್ಟರೆ ಇಬ್ಬರೂ ತಮಗೆ ಅನುಕೂಲವಾದ ತುದಿ ಹಿಡಿದು ಎಳೆಯುತ್ತಾರೆ. ವಿಷಯವನ್ನು ಒಂದೇ ವಾಕ್ಯಕ್ಕೆ ಇಳಿಸಿ. ಆ ವಾಕ್ಯಕ್ಕೆ ಒಬ್ಬರು "ಹೌದು", ಇನ್ನೊಬ್ಬರು "ಅಲ್ಲ" ಎನ್ನುವಂತಿರಬೇಕು. ಪ್ರಸಾರಕ್ಕೆ ಮೂರು ದಿನ ಮುಂಚೆಯಾದರೂ ಇಬ್ಬರಿಗೂ ಕಳುಹಿಸಿ, ಪದಪದಕ್ಕೂ ಇಬ್ಬರ ಒಪ್ಪಿಗೆ ಸಿಗುವವರೆಗೆ ತಿದ್ದಿ. ಈ ತಿದ್ದಾಟ ಪ್ರಸಾರದಲ್ಲೇ ನಡೆದರೆ ನಿಮ್ಮ 22 ನಿಮಿಷದಲ್ಲಿ ಅರ್ಧ ಅದಕ್ಕೇ ಹೋಗುತ್ತದೆ.

ಇದಕ್ಕೆ ಒಳ್ಳೆಯ ಮಾದರಿ ರೇಡಿಯೋ ಚರಿತ್ರೆಯಲ್ಲೇ ಇದೆ. 1948ರ ಜನವರಿ 28ರಂದು ಬಿಬಿಸಿಯ ಥರ್ಡ್ ಪ್ರೋಗ್ರಾಂ ಎಂಬ ರೇಡಿಯೋ ವಾಹಿನಿಯಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಜೆಸುಯಿಟ್ ಪಾದ್ರಿ ಫ್ರೆಡರಿಕ್ ಕಾಪಲ್‌ಸ್ಟನ್ ದೇವರ ಅಸ್ತಿತ್ವದ ಬಗ್ಗೆ ಚರ್ಚಿಸಿದರು. ಮೊದಲ ಕೆಲವೇ ಮಾತುಗಳಲ್ಲಿ ಅವರು ಎರಡು ಕೆಲಸ ಮುಗಿಸಿಕೊಂಡರು. ದೇವರು ಎಂದರೆ ಜಗತ್ತಿನಿಂದ ಬೇರೆಯಾದ, ಅದನ್ನು ಸೃಷ್ಟಿಸಿದ, ವ್ಯಕ್ತಿಸ್ವರೂಪದ ಪರಮಸತ್ತೆ ಎಂಬ ಅರ್ಥವನ್ನು ಇಬ್ಬರೂ ಒಪ್ಪಿಕೊಂಡರು. ಆಮೇಲೆ ಕಾಪಲ್‌ಸ್ಟನ್, ದೇವರಿಲ್ಲವೆಂದು ಸಾಧಿಸಬಹುದು ಎಂಬುದು ನಿಮ್ಮ ನಿಲುವೇ ಎಂದು ಕೇಳಿದರು. ರಸೆಲ್ ತಮ್ಮದು ಅಜ್ಞೇಯತಾವಾದ, ಅಂದರೆ ದೇವರಿದ್ದಾನೋ ಇಲ್ಲವೋ ಎಂದು ತಿಳಿಯಲಾಗದು ಎಂಬ ನಿಲುವು, ಎಂದರು. ಯಾರು ಏನನ್ನು ಸಾಧಿಸಬೇಕು ಎಂಬುದು ಅಷ್ಟರಲ್ಲೇ ತೀರ್ಮಾನವಾಯಿತು. ನಡುವೆ "ಅನಿವಾರ್ಯ ಸತ್ತೆ" (ಇಲ್ಲದಿರಲು ಸಾಧ್ಯವೇ ಇಲ್ಲದ ಸತ್ತೆ) ಎಂಬ ಮಾತಿಗೆ ಅರ್ಥವಿದೆಯೇ ಇಲ್ಲವೇ ಎಂಬಲ್ಲಿ ಇಬ್ಬರೂ ಸಿಕ್ಕಿಕೊಂಡರು. ಕಡೆಗೆ ಭಿನ್ನಾಭಿಪ್ರಾಯವನ್ನು ಹಾಗೇ ಬಿಟ್ಟು ಧಾರ್ಮಿಕ ಅನುಭವದ ವಾದಕ್ಕೆ, ಅಲ್ಲಿಂದ ನೀತಿಯ ವಾದಕ್ಕೆ ಹೋದರು. ನಿಮ್ಮ ನಿರೂಪಕರೂ "ಇಲ್ಲಿ ಇಬ್ಬರೂ ಒಪ್ಪುತ್ತಿಲ್ಲ, ಕಾರಣ ಇದು" ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ನಡೆಸಲು ಕಲಿಯಬೇಕು.

ವಾಕ್ಯ ಬರೆಯುವಾಗ ಅದು ಯಾವ ಜಾತಿಯ ಮಾತು ಎಂದೂ ಗುರುತು ಹಾಕಿಕೊಳ್ಳಿ. ಜಗತ್ತಿನಲ್ಲಿ ಹೀಗಾಗುತ್ತದೆ ಎಂಬ ಮಾತು ಒಂದು ಬಗೆ, ಅದನ್ನು ಪರೀಕ್ಷಿಸಬಹುದು. ಹಿಂದೆ ಹೀಗಾಗಿತ್ತು ಎಂಬುದು ಚರಿತ್ರೆ, ಅಲ್ಲಿ ಆಧಾರಗಳನ್ನು ತೂಗಬೇಕು. ಜಗತ್ತಿಗೆ ಕಾರಣ ಯಾವುದು ಎಂಬುದು ತತ್ವಶಾಸ್ತ್ರ. ಹೀಗೆ ಬದುಕಬೇಕು ಎಂಬುದು ಮೌಲ್ಯದ ಪ್ರಶ್ನೆ. ಒಂದು ಬಗೆಯ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಬಂದಾಗಲೇ ಚರ್ಚೆ ಹಳಿ ತಪ್ಪುವುದು. ನಿರೂಪಕರ ಮುಂದಿನ ಕಾಗದದಲ್ಲಿ ಈ ನಾಲ್ಕು ಪದ ದೊಡ್ಡದಾಗಿ ಬರೆದಿಟ್ಟಿರಲಿ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ವಾಕ್ಯ: "ಅಪರಿಚಿತರು ದೂರದಿಂದ ಮಾಡುವ ಪ್ರಾರ್ಥನೆಯಿಂದ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಕಡಿಮೆಯಾಗುತ್ತವೆ." ಇದು ಪರೀಕ್ಷಿಸಬಹುದಾದ ಮಾತು. ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಅಮೆರಿಕನ್ ಹಾರ್ಟ್ ಜರ್ನಲ್‌ನಲ್ಲಿ ಬಂದಿದೆ. 6 ಆಸ್ಪತ್ರೆ, ಬೈಪಾಸ್ ಆದ 1,802 ರೋಗಿಗಳು, ಮೂರು ಗುಂಪು. ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಿಕ್ಕವರಲ್ಲಿ 52% ಮಂದಿಗೆ, ಸಿಗದವರಲ್ಲಿ 51% ಮಂದಿಗೆ 30 ದಿನದೊಳಗೆ ಏನಾದರೊಂದು ತೊಡಕು ಕಾಣಿಸಿತು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ ಎಂದು ಹೇಳಿಸಿಕೊಂಡ ಮೂರನೆಯ ಗುಂಪಿನಲ್ಲಿ ಅದು 59%.

ಈ ಅಂಕಿಗಳು ಸಿಕ್ಕಿದ ಕೂಡಲೇ ಎರಡೂ ಕಡೆಯವರು ಎಡವುತ್ತಾರೆ. ಸಂಶಯವಾದಿ "ಪ್ರಾರ್ಥನೆ ಸುಳ್ಳೆಂದು ಸಾಬೀತಾಯಿತು" ಎನ್ನುತ್ತಾರೆ. ಆದರೆ ಪರೀಕ್ಷೆಗೆ ಒಳಗಾದದ್ದು ನಿಗದಿತ ವಾಕ್ಯವೊಂದನ್ನು ಸೇರಿಸಿ ಅಪರಿಚಿತರು 14 ದಿನ ಮಾಡಿದ ಪ್ರಾರ್ಥನೆ, ಮನೆಯವರ ಪ್ರಾರ್ಥನೆಯನ್ನು ಯಾರೂ ತಡೆದಿರಲಿಲ್ಲ. ಆ 59% ತೋರಿಸಿ "ಪ್ರಾರ್ಥನೆ ಹಾನಿಕರ" ಎನ್ನುವುದೂ ಅತಿಯಾಯಿತು, ಅದು ಆಕಸ್ಮಿಕವೂ ಇರಬಹುದೆಂದು ಸಂಶೋಧಕರೇ ಹೇಳಿದ್ದಾರೆ. ಇತ್ತ ಆಸ್ತಿಕ ಅತಿಥಿ "ದೇವರನ್ನು ಪರೀಕ್ಷಿಸಲಾಗದು" ಎಂದರೆ ಅದು ಗೌರವದ ನಿಲುವೇ. ಆದರೆ ಆಗ "ಪ್ರಾರ್ಥಿಸಿದ್ದಕ್ಕೇ ಇಂಥವರು ಗುಣವಾದರು" ಎಂಬ ಸಾಕ್ಷಿಯನ್ನೂ ಅವರು ಮುಂದಿಡುವಂತಿಲ್ಲ. ನಿರೂಪಕರು ಈ ಎರಡು ಮಾತನ್ನು ಒಂದೇ ದನಿಯಲ್ಲಿ, ಒಂದೇ ಬಿಗಿಯಲ್ಲಿ ಹೇಳಬಲ್ಲರಾದರೆ ಕೇಳುಗರು ಅವರನ್ನು ನಂಬುತ್ತಾರೆ.

ಸಮಯ: ಇಬ್ಬರಿಗೂ ಆರಂಭಕ್ಕೆ 3 ನಿಮಿಷ. ನಂತರ ಪ್ರತಿಯೊಬ್ಬರೂ ಎದುರಿನವರ ವಾದವನ್ನು ತಮ್ಮ ಮಾತಿನಲ್ಲಿ ಒಂದು ನಿಮಿಷ ಹೇಳಬೇಕು, "ಹೌದು, ನಾನು ಹೇಳಿದ್ದು ಅದೇ" ಎಂದು ಎದುರಿನವರು ಒಪ್ಪಿದ ಮೇಲೆಯೇ ಖಂಡನೆ. ಉಳಿದ 14 ನಿಮಿಷ ಮುಕ್ತ ಮಾತುಕತೆ. ಆ ಒಂದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಕನ್ಸೋಲ್‌ಮೇಜು

ದನಿಯ ತೊಂದರೆಗೆ ಬರುತ್ತೇನೆ. ಇದನ್ನು ಬರೀ ತಾಂತ್ರಿಕ ವಿಷಯ ಎಂದು ತಳ್ಳಿಹಾಕಬೇಡಿ. ಸ್ಟುಡಿಯೋದಲ್ಲಿ ಸಂಶಯವಾದಿ ತುಂಬುದನಿಯಲ್ಲಿ, ಫೋನಿನಲ್ಲಿ ಭಕ್ತರು ಕೀರಲುದನಿಯಲ್ಲಿ (ಅಥವಾ ಇದರ ತಿರುಗುಮುರುಗು) ಕೇಳಿಸಿದರೆ ವಾದ ಶುರುವಾಗುವ ಮುಂಚೆಯೇ ತಕ್ಕಡಿ ವಾಲಿರುತ್ತದೆ.

ಸಾಮಾನ್ಯ ಫೋನ್ ಲೈನು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ಕೆಳಗಿನ ಗಾತ್ರವೇ ಅಲ್ಲಿಲ್ಲ, ಬಾಸ್ ಏರಿಸಿದರೆ ಬರುವುದು ಗುಂಯ್ ಸದ್ದು ಮಾತ್ರ. 200–250 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 2–2.5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ 2ರಿಂದ 3 ಡೆಸಿಬೆಲ್ ಏರಿಸಿ. ದನಿಯ ಏರಿಳಿತ ತಗ್ಗಿಸಲು 3:1 ಕಂಪ್ರೆಶನ್ ಸಾಕು. ಸಾಧ್ಯವಾದಲ್ಲಿ ಇಂಟರ್ನೆಟ್ ಕರೆ ಮಾಡಲು ಕೇಳುಗರಿಗೆ ಹೇಳಿ, ವೈಡ್‌ಬ್ಯಾಂಡ್ ಕರೆಯಲ್ಲಿ ದನಿ 7 ಕಿಲೋಹರ್ಟ್ಸ್‌ವರೆಗೆ ಬರುತ್ತದೆ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಮಾತು ನುಂಗಿಹೋಗುವುದಕ್ಕೆ ಕಾರಣ ಬಹುಪಾಲು, ಫೋನ್ ಲೈನನ್ನು ಸ್ಟುಡಿಯೋ ಮಿಕ್ಸರಿಗೆ ಜೋಡಿಸುವ ನಿಮ್ಮ ಟೆಲಿಫೋನ್ ಹೈಬ್ರಿಡ್‌ನ ಡಕಿಂಗ್ ಸೆಟ್ಟಿಂಗ್. ಸ್ಟುಡಿಯೋ ಮೈಕ್‌ನಲ್ಲಿ ಮಾತು ಬಂದೊಡನೆ ಕರೆಯ ದನಿಯನ್ನು ಅದು ತಾನಾಗಿ ತಗ್ಗಿಸುತ್ತದೆ. ಅನುಕೂಲಕ್ಕೆಂದು ಇಟ್ಟ ಸೌಲಭ್ಯ ಇಲ್ಲಿ ಅನ್ಯಾಯ ಮಾಡುತ್ತದೆ, ಏಕೆಂದರೆ ಕೇಳುಗರಿಗೆ ನಿರೂಪಕರು ಬಾಯಿ ಮುಚ್ಚಿಸಿದಂತೆ ಕೇಳುತ್ತದೆ. ಅದನ್ನು ಕನಿಷ್ಠಕ್ಕೆ ಇಳಿಸಿ ಅಥವಾ ಆಫ್ ಮಾಡಿ. ಆಫ್ ಮಾಡಿದಾಗ ಪ್ರತಿಧ್ವನಿ ಬಂದರೆ ಮಿಕ್ಸ್-ಮೈನಸ್, ಅಂದರೆ ಕರೆ ಮಾಡಿದವರಿಗೆ ಮರಳಿ ಕಳಿಸುವ ದನಿ, ಸರಿಯಿಲ್ಲ ಎಂದರ್ಥ. ಕರೆ ಮಾಡಿದವರಿಗೆ ಅವರ ಸ್ವಂತ ದನಿ ಬಿಟ್ಟು ಉಳಿದೆಲ್ಲವೂ ಹೋಗಬೇಕು. ಇಬ್ಬರು ಒಟ್ಟಿಗೆ ಲೈನಿನಲ್ಲಿದ್ದರೆ ಇಬ್ಬರಿಗೂ ಬೇರೆ ಬೇರೆ ಮಿಕ್ಸ್-ಮೈನಸ್ ಬೇಕು, ಇಲ್ಲವಾದರೆ ಒಬ್ಬರಿಗೆ ಇನ್ನೊಬ್ಬರ ಮಾತು ಕೇಳುವುದಿಲ್ಲ, ಅಥವಾ ತಮ್ಮ ದನಿಯೇ ಮರಳಿ ಬಂದು ತೊದಲುತ್ತಾರೆ.

ನೇರಪ್ರಸಾರದಲ್ಲಿ ಡಿಲೇ (ಮಾತನ್ನು ಕೆಲವು ಸೆಕೆಂಡ್ ತಡೆದು ಪ್ರಸಾರ ಮಾಡುವ ವ್ಯವಸ್ಥೆ) ಇಲ್ಲದೆ ಈ ವಿಷಯದ ಕರೆ ತೆಗೆಯಲೇಬೇಡಿ. 8–10 ಸೆಕೆಂಡ್ ಇಟ್ಟುಕೊಳ್ಳಿ. ಬೈಗುಳದಂಥದ್ದು ಬಂದಾಗ ಅದನ್ನು ಅಳಿಸುವ ಡಂಪ್ ಬಟನ್ ಒತ್ತಿದರೆ ಅಷ್ಟೂ ಸೆಕೆಂಡ್ ಪ್ರಸಾರದಿಂದ ಬಿದ್ದುಹೋಗುತ್ತದೆ, ಆಮೇಲೆ ಯಂತ್ರವು ಮಾತನ್ನು ಕಿವಿಗೆ ತಿಳಿಯದಷ್ಟು ಹಿಗ್ಗಿಸುತ್ತ ಡಿಲೇಯನ್ನು ಮತ್ತೆ ತುಂಬಿಕೊಳ್ಳುತ್ತದೆ. ತುಂಬುವ ತನಕ ಹೊಸ ಕರೆ ಬೇಡ, ಆ ಹೊತ್ತಿನಲ್ಲಿ ಇನ್ನೊಂದು ಬೈಗುಳ ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಬಟನ್ ನಿರೂಪಕರ ಕೈಯಲ್ಲಿರಬಾರದು, ವಾದದಲ್ಲಿ ಮುಳುಗಿದವರು ತಡವಾಗಿ ಒತ್ತುತ್ತಾರೆ. ಕರೆ ಮಾಡಿದವರ ಮನೆಯ ರೇಡಿಯೋ ಬಂದ್ ಆಗಿದೆಯೇ ಎಂದು ಲೈನಿಗೆ ತರುವ ಮುಂಚೆಯೇ ಕೇಳಿ, ಅದರಲ್ಲಿ 8 ಸೆಕೆಂಡ್ ಹಿಂದಿನ ಮಾತು ಬರುತ್ತಿರುತ್ತದೆ, ಅದನ್ನೇ ಕೇಳುತ್ತ ಉತ್ತರಿಸಲು ಹೋಗಿ ತಡವರಿಸುತ್ತಾರೆ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಪಾಡ್‌ಕಾಸ್ಟ್‌ಗೆಂದು ಪ್ರತಿ ಮೈಕಿಗೂ ಪ್ರತ್ಯೇಕ ಟ್ರ್ಯಾಕ್‌ನಲ್ಲಿ (48 ಕಿಲೋಹರ್ಟ್ಸ್, 24 ಬಿಟ್) ರೆಕಾರ್ಡ್ ಮಾಡುತ್ತೀರಲ್ಲ, ಅದು ಡಿಲೇಗಿಂತ ಮುಂಚಿನ ದನಿ. ಡಂಪ್ ಆದ ಬೈಗುಳವೂ, ಯಾರದೋ ಹೆಸರೂ ಅದರಲ್ಲಿ ಹಾಗೇ ಇರುತ್ತದೆ. ಡಂಪ್ ಒತ್ತಿದವರು ಗಡಿಯಾರ ನೋಡಿ ಸಮಯ ಬರೆದಿಡಲೇಬೇಕು, ಎಡಿಟ್ ಮಾಡುವವರು ಆ ಚೀಟಿ ಕೈಯಲ್ಲಿಟ್ಟುಕೊಂಡೇ ಕೂರಬೇಕು.

ಅಂತಿಮ ಮಟ್ಟ (ಕಿವಿಗೆ ಕೇಳುವ ಸರಾಸರಿ ಜೋರನ್ನು ಎಲ್‌ಯುಎಫ್‌ಎಸ್‌ನಲ್ಲಿ ಅಳೆಯುತ್ತಾರೆ): ಪಾಡ್‌ಕಾಸ್ಟ್ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್, ಮೋನೋಗೆ ಮೈನಸ್ 19, ಟ್ರೂ ಪೀಕ್ (ದನಿ ಮುಟ್ಟುವ ಅತಿ ಎತ್ತರದ ತುದಿ) ಮೈನಸ್ 1 ಡೆಸಿಬೆಲ್ ಮೀರದಂತೆ. ಇದಕ್ಕೆ ಮುಂಚೆ ಪ್ರತಿಯೊಬ್ಬರ ಟ್ರ್ಯಾಕನ್ನೂ ಬೇರೆ ಬೇರೆಯಾಗಿ ಅಳೆದು ಒಂದೇ ಮಟ್ಟಕ್ಕೆ ತನ್ನಿ. ಒಟ್ಟು ಕಡತವನ್ನು ಮಾತ್ರ ಅಳೆದರೆ ಮೆಲ್ಲಗೆ ಮಾತಾಡುವ ಅತಿಥಿ ಮೆಲ್ಲಗೇ ಉಳಿಯುತ್ತಾರೆ.

ಕರೆಗಂಟೆ

ಕರೆ ಆರಿಸುವ ಬಗ್ಗೆ. ಫೋನ್ ಎತ್ತುವವರು ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆಗಳನ್ನು ಕೇಳಲಿ: ಯಾವ ಹೆಸರಿನಿಂದ ಕರೆಯಬೇಕು, ಇವತ್ತಿನ ವಾಕ್ಯ ಒಪ್ಪುತ್ತೀರಾ ಇಲ್ಲವಾ, ಮುಖ್ಯ ಕಾರಣ ಒಂದೇ ವಾಕ್ಯದಲ್ಲಿ ಏನು, ರೇಡಿಯೋ ಬಂದ್ ಆಗಿದೆಯಾ. 60ರಿಂದ 90 ಸೆಕೆಂಡ್ ಸಾಕು. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಲಾಗದವರಿಗೆ ಇನ್ನೊಮ್ಮೆ ಅವಕಾಶ ಕೊಡಿ, ಮಾತುಗಾರರಷ್ಟೇ ಒಳಗೆ ಬರುವಂತಾಗಬಾರದು. 25 ನಿಮಿಷಕ್ಕೆ ಐದು ಕರೆಗಿಂತ ಹೆಚ್ಚು ತೆಗೆದರೆ ಯಾರ ಮಾತೂ ಮುಗಿಯುವುದಿಲ್ಲ.

ಸಾಲಿನಲ್ಲಿ ಎದುರು ಪಕ್ಷದ ಅತಿ ದುರ್ಬಲ ಕರೆಯನ್ನು ಹುಡುಕಿ ಒಳಗೆ ಬಿಡುವ ಚಾಳಿ ಇಂಥ ಕಾರ್ಯಕ್ರಮಗಳಿಗೆ ಬೇಗ ಅಂಟುತ್ತದೆ. ರಂಜನೆ ಸಿಗುತ್ತದೆ, ಕ್ಲಿಪ್ ಓಡುತ್ತದೆ, ಕೆಲವೇ ತಿಂಗಳಲ್ಲಿ ಆಸ್ತಿಕರು ಕರೆ ಮಾಡುವುದನ್ನೇ ನಿಲ್ಲಿಸುತ್ತಾರೆ. ನಿಯಮ ಹೀಗಿರಲಿ: ಎರಡೂ ಕಡೆಯಿಂದ ಅತಿ ಗಟ್ಟಿ ಕಾರಣ ಕೊಟ್ಟವರು ಮೊದಲು. ಯಾರು ಏನು ಕೇಳಲಿದ್ದಾರೆ ಎಂಬ ಚೀಟಿ ನಿರೂಪಕರಿಗೆ ಮಾತ್ರ ಹೋಗಲಿ, ಒಬ್ಬ ಅತಿಥಿಗೆ ಮುಂಚಿತವಾಗಿ ತೋರಿಸಿ ಇನ್ನೊಬ್ಬರಿಗೆ ಮುಚ್ಚಿಡಬೇಡಿ.

ಲೈನಿನಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ: "ಇದು ನಿಜ ಎಂಬುದರ ಬಗ್ಗೆ ನಿಮಗೆ 0ಯಿಂದ 10ರಲ್ಲಿ ಎಷ್ಟು ಖಾತ್ರಿ?" ಉತ್ತರ 8 ಎಂದು ಬಂದರೆ "10 ಯಾಕಲ್ಲ?" ಎಂದೂ, "ಏನು ಗೊತ್ತಾದರೆ ಅದು 6ಕ್ಕೆ ಇಳಿಯಬಹುದು?" ಎಂದೂ ಕೇಳಿ. ಸಂಶಯವಾದಿ ಕರೆ ಮಾಡಿದಾಗಲೂ ಇದನ್ನೇ ಕೇಳಬೇಕು. "ಯಾವುದೂ ನನ್ನ ಮನಸ್ಸು ಬದಲಿಸದು" ಎಂಬ ಉತ್ತರ ಯಾವ ಕಡೆಯಿಂದ ಬಂದರೂ ಕೇಳುಗರಿಗೆ ಅದೊಂದು ಮಾಹಿತಿ. ನಿರೂಪಕರು ಅದರ ಮೇಲೆ ಟೀಕೆ ಸೇರಿಸುವ ಅಗತ್ಯವಿಲ್ಲ.

ಮನೆಯಲ್ಲಿ ಸಾವಾದವರು ತಮ್ಮ ನಂಬಿಕೆ ಹೇಳಿಕೊಂಡು ಕರೆ ಮಾಡುತ್ತಾರೆ. ಅವರನ್ನು ಪ್ರಸಾರದಲ್ಲಿ ಪಾಟೀಸವಾಲಿಗೆ ಒಳಪಡಿಸಬೇಡಿ, ಅವರು ವಾದಕ್ಕೆ ಬಂದವರಲ್ಲ. ಕೇಳಿಸಿಕೊಳ್ಳಿ, ಧನ್ಯವಾದ ಹೇಳಿ, ಲೈನ್ ಕಡಿಯದೆ ಒಳಗಿನವರಿಗೆ ದಾಟಿಸಿ. ಜೀವ ಬೇಡವಾಗಿದೆ ಎಂಬ ಮಾತು ಬಂದರೆ ಸಹಾಯವಾಣಿಯ ಸಂಖ್ಯೆ ಫೋನ್ ಮೇಜಿನ ಮೇಲೆ ಬರೆದಿಟ್ಟಿರಬೇಕು. ಇನ್ನು "ಹರಕೆ ಹೊತ್ತು ಔಷಧಿ ಬಿಟ್ಟೆ, ನೀವೂ ಬಿಡಿ" ಎನ್ನುವವರ ವಿಷಯದಲ್ಲಿ ಎರಡು ಪಕ್ಷ ಎಂಬುದಿಲ್ಲ. ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬೇಡಿ ಎಂದು ನಿರೂಪಕರು ಅದೇ ಕ್ಷಣ, ಅದೇ ಕರೆಯೊಳಗೆ ಹೇಳಬೇಕು.

ಅಲೆಗಂಬ

ಎಲ್ಲರಿಗೂ ತುಂಬಾ ಧನ್ಯವಾದ. ಡಕಿಂಗ್ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಇನ್ನೆರಡು ಪ್ರಶ್ನೆ. ಒಬ್ಬ ಅತಿಥಿ ಒಂದೇ ಉಸಿರಿಗೆ ಏಳೆಂಟು ವಾದ ಸುರಿದುಬಿಟ್ಟರೆ ಏನು ಮಾಡುವುದು? ಪಾಡ್‌ಕಾಸ್ಟ್‌ಗೆ ಕತ್ತರಿ ಹಾಕುವಾಗ ಎಷ್ಟರವರೆಗೆ ಹೋಗಬಹುದು?

ಎರಡನೇಕಿವಿ

ಮೊದಲನೆಯದಕ್ಕೆ ಹೆಸರೇ ಇದೆ, ಗಿಶ್ ಗ್ಯಾಲಪ್. ವಿಕಾಸವಾದ ಒಪ್ಪದೆ ದೇವರೇ ಜೀವಿಗಳನ್ನು ಸೃಷ್ಟಿಸಿದ ಎನ್ನುತ್ತಿದ್ದ ಸೃಷ್ಟಿವಾದಿ ಡ್ವೇನ್ ಗಿಶ್ ಅವರ ಚರ್ಚಾಶೈಲಿ ನೋಡಿ ಮಾನವಶಾಸ್ತ್ರಜ್ಞೆ ಯೂಜೀನಿ ಸ್ಕಾಟ್ 1994ರಲ್ಲಿ ಇಟ್ಟ ಹೆಸರು. ರೇಡಿಯೋದಲ್ಲಿ ಇದರ ಹಾನಿ ಹೆಚ್ಚು, ಕೇಳುಗರ ಮುಂದೆ ಪರದೆಯಿಲ್ಲ, ಪಟ್ಟಿಯಿಲ್ಲ. ಹತ್ತು ಸೆಕೆಂಡಿನಲ್ಲಿ ಹೇಳಿದ ಮಾತಿಗೆ ಉತ್ತರ ಕೊಡಲು ಎರಡು ನಿಮಿಷ ಬೇಕಾಗುತ್ತದೆ, ಉತ್ತರ ಸಿಗದೆ ಉಳಿದ ಆರು ವಾದಗಳು ಗೆದ್ದಂತೆ ಕೇಳಿಸುತ್ತವೆ. ನಿರೂಪಕರು ಅಲ್ಲೇ ತಡೆದು "ಇವುಗಳಲ್ಲಿ ನೀವು ಹೆಚ್ಚು ನೆಚ್ಚಿಕೊಂಡಿರುವುದು ಯಾವುದು? ಅದು ಬಿದ್ದರೆ ನಿಮ್ಮ ನಿಲುವು ಬದಲಾಗುತ್ತದೆಯೇ?" ಎಂದು ಕೇಳಲಿ. ಆರಿಸಿದ ಒಂದನ್ನೇ ಕೊನೆಮುಟ್ಟಿಸಿ. ಸಂಶಯವಾದಿಗಳೂ ಇದನ್ನು ಮಾಡುತ್ತಾರೆ, ಧರ್ಮಗ್ರಂಥಗಳ ಹತ್ತು ವಿರೋಧಾಭಾಸಗಳನ್ನು ಪಟಪಟನೆ ಓದುವುದು ಅದೇ ತಂತ್ರ.

ಇನ್ನು ಮೇಲೆ ತರ್ಕದಾರಿ ಅವರು ಕೊಟ್ಟ ಇಬ್ಬರ ಚೌಕಟ್ಟಿನ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಪ್ರತಿ ವಾರ ಆಸ್ತಿಕ ಎದುರು ನಾಸ್ತಿಕ ಎಂದು ಕೂರಿಸಿದರೆ ನಡುವೆ ಇರುವ ದೊಡ್ಡ ಜನಸಮೂಹಕ್ಕೆ ಕುರ್ಚಿಯೇ ಇರುವುದಿಲ್ಲ. ದೇವರ ಬಗ್ಗೆ ತಲೆಕೆಡಿಸಿಕೊಳ್ಳದೆ ಆಚರಣೆ ಪಾಲಿಸುವವರಿದ್ದಾರೆ, ದೇವರನ್ನು ನಂಬಿಯೂ ಪವಾಡಗಳನ್ನು ಒಪ್ಪದವರಿದ್ದಾರೆ, ಸೃಷ್ಟಿಕರ್ತನೇ ಇಲ್ಲದ ಧರ್ಮಗಳಿವೆ. ರಸೆಲ್–ಕಾಪಲ್‌ಸ್ಟನ್ ಒಪ್ಪಿಕೊಂಡ ಅರ್ಥ ಜೈನರಿಗೋ ಬೌದ್ಧರಿಗೋ ಅನ್ವಯಿಸುವುದೇ ಇಲ್ಲ. ನಾಲ್ಕರಲ್ಲಿ ಎರಡು ವಾರವಾದರೂ ಒಬ್ಬರೇ ಅತಿಥಿಯನ್ನು ಕರೆಸಿ, ನಿರೂಪಕರೇ ಚೆನ್ನಾಗಿ ಓದಿಕೊಂಡು ಪ್ರಶ್ನಿಸಲಿ. ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ನೈಟ್ 1955ರ ಜನವರಿಯಲ್ಲಿ ಬಿಬಿಸಿಯಲ್ಲಿ ಧರ್ಮದ ಆಸರೆಯಿಲ್ಲದೆ ಮಕ್ಕಳಿಗೆ ನೀತಿ ಕಲಿಸುವುದು ಹೇಗೆ ಎಂದು ಮಾತಾಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ಅವರು ಒಂದು ಕಿರಿದಾದ ಪ್ರಶ್ನೆ ಹಿಡಿದು ಬಿಡಿಸುತ್ತಾ ಹೋದರು. ಅಷ್ಟು ಬಿಡುವು ಜೋಡಿ ಚರ್ಚೆಯಲ್ಲಿ ಸಿಗುವುದಿಲ್ಲ.

ಬಂದ ಅತಿಥಿ ತಮ್ಮ ಇಡೀ ಧರ್ಮದ ವಕ್ತಾರರಲ್ಲ ಎಂಬುದನ್ನು ಪರಿಚಯದಲ್ಲೇ ಹೇಳಿಬಿಡಿ.

ಕತ್ತರಿಕೆಲಸ

ಎಡಿಟಿಂಗ್ ಬಗ್ಗೆ. "ಅಂ", "ಅಹ್" ತೆಗೆಯುವುದಾದರೆ ಎಲ್ಲರದ್ದೂ ತೆಗೆಯಿರಿ, ಇಲ್ಲವಾದರೆ ಯಾರದ್ದೂ ಬೇಡ. ಒಬ್ಬರದ್ದು ಮಾತ್ರ ನಯವಾದರೆ ಇನ್ನೊಬ್ಬರು ತಡವರಿಸುವವರಂತೆ ಕೇಳುತ್ತಾರೆ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಮೌನವನ್ನು ಮುಟ್ಟಲೇಬೇಡಿ. ಒಂದು ಸೆಕೆಂಡಿನ ಮೌನ ಮೂರಾದರೆ ಸೋತವರಂತೆ, ಮೂರು ಸೆಕೆಂಡಿನದು ಅರ್ಧವಾದರೆ ಬಾಯಿಪಾಠ ಒಪ್ಪಿಸುವವರಂತೆ ಕೇಳುತ್ತದೆ. ಉತ್ತರದ ಜಾಗ ಬದಲಿಸುವುದು ಬೇಡ. ಹಳೆಯ ನೆನಪು ಹೇಳುವ ಭಕ್ತರ ಮಾತಿನಡಿ ಕರುಣಾರಸದ ಸಂಗೀತ, ಸಂಶಯವಾದಿಯ ಮಾತಿನಡಿ ಪತ್ತೇದಾರಿ ಸಂಗೀತ, ಎರಡೂ ಬೇಡ. ಮಾತಿನ ಕೆಳಗೆ ಏನೂ ಇಲ್ಲದಿರುವುದೇ ಮೇಲು.

ಪ್ರಚಾರದ ಕ್ಲಿಪ್‌ನಲ್ಲಿ ಪ್ರಶ್ನೆಯ ಜೊತೆ ಎದುರಿನವರ ಉತ್ತರವೂ ಇರಬೇಕು, 60 ಸೆಕೆಂಡಿನಲ್ಲಿ ಹಿಡಿಸದಿದ್ದರೆ 90 ಮಾಡಿ. "ಬಾಯಿ ಮುಚ್ಚಿಸಿದರು" ಎಂಬ ಧಾಟಿಯ ಶೀರ್ಷಿಕೆ ಕೊಟ್ಟರೆ ಮುಂದಿನ ವಾರ ಅತಿಥಿಗಳು ಸಿಗುವುದು ಕಷ್ಟ. ಅತಿಥಿಗಳಿಗೆ ಪ್ರಕಟಣೆಗೆ ಮುಂಚೆ ಕೇಳಿಸಬಹುದು, ಆದರೆ ಅಂಕಿ, ಹೆಸರು, ಇಸವಿಯ ತಪ್ಪು ತಿದ್ದಲು ಮಾತ್ರ. ಈ ಷರತ್ತು ಆಮಂತ್ರಣ ಪತ್ರದಲ್ಲೇ ಇರಲಿ. ಪ್ರಕಟವಾದ ಮೇಲೆ ತಪ್ಪು ಕಂಡರೆ ಕಡತದೊಳಗೆ ಸದ್ದಿಲ್ಲದೆ ಬದಲಿಸಬೇಡಿ. ಸಂಚಿಕೆಯ ವಿವರಣೆಯಲ್ಲಿ ಬರೆದು, ಮುಂದಿನ ಸಂಚಿಕೆಯ ಆರಂಭದಲ್ಲೇ ಓದಿ.

ಯಾರಾದರೂ "ಇಂಥ ಬಾಬಾ ಮೋಸಗಾರ" ಎಂದು ಹೆಸರು ಹಿಡಿದು ಹೇಳಿದರೆ ಕೈಯಲ್ಲಿ ಪುರಾವೆ ಇಲ್ಲದೆ ಪ್ರಕಟಿಸಬೇಡಿ. ಪುರಾವೆ ಎಂದರೆ ಎಂಥದ್ದಿರಬೇಕು ಎನ್ನುವುದಕ್ಕೆ 1986ರ ಅಮೆರಿಕದ ಧರ್ಮಪ್ರಚಾರಕ ಪೀಟರ್ ಪೊಪಾಫ್ ಪ್ರಕರಣ ನೋಡಿ. ಸಭಿಕರ ಹೆಸರು, ಕಾಯಿಲೆ ತನಗೆ ದೈವಪ್ರೇರಣೆಯಿಂದ ತಿಳಿಯುತ್ತದೆ ಎನ್ನುತ್ತಿದ್ದ ಆತನ ಕಿವಿಯಲ್ಲಿ ಪುಟ್ಟ ರಿಸೀವರ್ ಇತ್ತು. ಇಂಥವನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ ತಂಡ ಸ್ಕ್ಯಾನರ್ ಇಟ್ಟು 39.17 ಮೆಗಾಹರ್ಟ್ಸ್‌ನಲ್ಲಿ ಆತನ ಹೆಂಡತಿ ವಿವರ ಓದಿಹೇಳುವುದನ್ನು ರೆಕಾರ್ಡ್ ಮಾಡಿತು. ಆ ದನಿಯನ್ನು ವೇದಿಕೆಯ ವಿಡಿಯೋಗೆ ಜೋಡಿಸಿ ಟಿವಿಯಲ್ಲಿ ತೋರಿಸಿದರು. ಬೈಗುಳದ ಅಗತ್ಯವೇ ಬೀಳಲಿಲ್ಲ.

ಕೊನೆಗೊಂದು, ಯಾರೂ ಮುಂಚೆ ನೋಡಿಕೊಳ್ಳದ ವಿಷಯ. ಪಾಡ್‌ಕಾಸ್ಟ್ ಹೋಸ್ಟಿಂಗ್‌ನಲ್ಲಿ ಜಾಹೀರಾತು ತಾನಾಗಿ ಸೇರುವ ಸೌಲಭ್ಯ ಆನ್ ಇದ್ದರೆ ಜ್ಯೋತಿಷ್ಯ, ಪವಾಡ ಔಷಧಿ, ಧಾರ್ಮಿಕ ದೇಣಿಗೆಯ ಜಾಹೀರಾತುಗಳು ಚರ್ಚೆಯ ನಟ್ಟನಡುವೆ ಬಂದು ಕೂರುತ್ತವೆ. ಸೆಟ್ಟಿಂಗ್‌ಗೆ ಹೋಗಿ ಆ ವರ್ಗಗಳನ್ನು ತಡೆಹಿಡಿಯಿರಿ, ಜಾಹೀರಾತು ಬೀಳುವ ಜಾಗವನ್ನು ಅತಿಥಿಗಳ ಭಾಗ ಮುಗಿದು ಕರೆಗಳು ಶುರುವಾಗುವಲ್ಲಿಗೆ ಕೈಯಾರೆ ಗುರುತು ಮಾಡಿ. ಪ್ರಕಟವಾದ ಮೇಲೆ ಬೇರೊಂದು ಫೋನಿನಲ್ಲಿ ಡೌನ್‌ಲೋಡ್ ಮಾಡಿ ಆ ಜಾಗ ಒಮ್ಮೆ ಕೇಳಿ ನೋಡಿ, ನಿಮ್ಮ ಕಂಪ್ಯೂಟರಿನಲ್ಲಿರುವ ಕಡತದಲ್ಲಿ ಅದು ಕಾಣುವುದಿಲ್ಲ.